ಓದುಗರ ಪ್ರಶ್ನೆ: ಬೆಂಚಿನಿಂದ ಎದ್ದು ಗೆದ್ದ ಸೋಲ್‌ಶೇರ್, ಕೋಚ್ ಆಗಿ ತಡಮಾಡಿದ್ದೆಲ್ಲಿ?

ಕೆಲವು ಸಂಚಿಕೆಗಳ ಹಿಂದೆ, ಟರ್ಕಿಯ ಬೆಶಿಕ್ತಾಶ್ ಫುಟ್‌ಬಾಲ್ ಕ್ಲಬ್ಬು ಓಲೆ ಗುನ್ನಾರ್ ಸೋಲ್‌ಶೇರ್ ಅವರನ್ನು ಕೋಚ್ ಹುದ್ದೆಯಿಂದ ತೆಗೆದ ಸುದ್ದಿಗೆ ನಾನು ಎರಡೇ ಎರಡು ಸಾಲು ಬರೆದಿದ್ದೆ. ಅದರಲ್ಲಿ ಒಂದು, 'ಆಡುವಾಗ ಬದಲಿ, ಆಡಿಸುವಾಗ ಹಂಗಾಮಿ' ಅಂತ. ಅವರು ಆಡಿ, ಆಮೇಲೆ ಕೋಚೂ ಆಗಿದ್ದ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿಗೆ ಅಭಿಮಾನಿಗಳು ನಮ್ಮ ರಾಜ್ಯದಲ್ಲಿ ಇಷ್ಟೊಂದು ಜನ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು. ಬೈದವರೇ ಜಾಸ್ತಿ, ಕೇಳಿದವರೂ ಇದ್ದಾರೆ. ಈ ಸಲದ ಅಂಕಣ ಪೂರ್ತಿ ಅವರಿಗೇ ಮೀಸಲು.

ಪ್ರ: ನಾನು ಕ್ರಿಕೆಟ್ ಬಿಟ್ಟು ಬೇರೇನೂ ನೋಡುವವನಲ್ಲ. ಮಗ ದಿನಾ ಈ ಹೆಸರು ಹೇಳುತ್ತಾನೆ. ಯಾರು ಸ್ವಾಮಿ ಇವರು? (ಓದುಗರು, ಚಿಕ್ಕಮಗಳೂರು)

ಉ: ನಾರ್ವೆಯವರು. ಹುಟ್ಟಿದ್ದು 1973ರಲ್ಲಿ, ಪಶ್ಚಿಮ ಕರಾವಳಿಯ ಕ್ರಿಸ್ಟಿಯಾನ್‌ಸುಂಡ್ ಎಂಬ ಊರಲ್ಲಿ. ದ್ವೀಪಗಳ ಮೇಲೆ ಹರಡಿಕೊಂಡಿರುವ ಊರು, ಉಪ್ಪು ಹಚ್ಚಿ ಒಣಗಿಸಿದ ಕಾಡ್ ಮೀನಿನ ವ್ಯಾಪಾರಕ್ಕೆ ಹೆಸರುವಾಸಿ. ಅಪ್ಪ ಕುಸ್ತಿಪಟು, ಗ್ರೀಕೋ ರೋಮನ್ ಕುಸ್ತಿಯಲ್ಲಿ ನಾರ್ವೆಯ ಚಾಂಪಿಯನ್. ಮಗನೂ ಸಣ್ಣವನಿದ್ದಾಗ ಕುಸ್ತಿಗೆ ಇಳಿದಿದ್ದುಂಟು. ಎತ್ತಿ ಎತ್ತಿ ಒಗೆಸಿಕೊಂಡು ಸಾಕಾಗಿ ಚೆಂಡಿನ ಕಡೆ ಬಂದರು.

ಊರಿನ ಕ್ಲೌಸೆನೆಂಗೆನ್ ಅನ್ನೋ ಸಣ್ಣ ಕ್ಲಬ್ಬಿನಲ್ಲಿ ಆಡುತ್ತಿದ್ದರು. 1995ರಲ್ಲಿ ಮೋಲ್ಡೆ ಕ್ಲಬ್ಬಿಗೆ ಬಂದು, ಮೊದಲ ವರ್ಷವೇ ಲೀಗಿನ 26 ಪಂದ್ಯಗಳಲ್ಲಿ 20 ಗೋಲು ಹೊಡೆದರು. ಮರುವರ್ಷ ಮ್ಯಾಂಚೆಸ್ಟರ್ ಯುನೈಟೆಡ್ 15 ಲಕ್ಷ ಪೌಂಡ್ ಕೊಟ್ಟು ಕರೆಸಿಕೊಂಡಿತು. ಆ ಬೇಸಿಗೆಯಲ್ಲಿ ಯುನೈಟೆಡ್‌ಗೆ ನಿಜವಾಗಿ ಬೇಕಾಗಿದ್ದವರು ಅಲನ್ ಶಿಯರರ್. ಅವರು 1.5 ಕೋಟಿ ಪೌಂಡಿಗೆ ನ್ಯೂಕ್ಯಾಸಲ್ ಸೇರಿದರು. ಅದರ ಹತ್ತನೇ ಒಂದು ಪಾಲಿಗೆ ಬಂದ ಈ ಹುಡುಗನ ಹೆಸರು ಇಂಗ್ಲೆಂಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ಪಂದ್ಯದಲ್ಲಿ ಬದಲಿಯಾಗಿ ಇಳಿದು ಆರು ನಿಮಿಷದಲ್ಲಿ ಗೋಲು. ಆ ವರ್ಷ ಲೀಗಿನಲ್ಲಿ 18 ಗೋಲು, ತಂಡದಲ್ಲಿ ಅವರದೇ ಅತಿ ಹೆಚ್ಚು. ಮುಖ ನೋಡಿದರೆ ಹೈಸ್ಕೂಲ್ ಹುಡುಗ, ಅದಕ್ಕೇ 'ಮಗುಮುಖದ ಹಂತಕ' ಅಂತ ಅಲ್ಲಿನ ಪತ್ರಿಕೆಗಳು ಅಡ್ಡಹೆಸರಿಟ್ಟವು. ಯುನೈಟೆಡ್‌ಗೆ ಒಟ್ಟು 366 ಪಂದ್ಯ, 126 ಗೋಲು, 6 ಲೀಗ್ ಪ್ರಶಸ್ತಿ. ಆಮೇಲೆ ಕೋಚ್ ಆದರು. ಮಗನನ್ನು ಕೂರಿಸಿಕೊಂಡು ಕೇಳಿ, ಇನ್ನೂ ಜಾಸ್ತಿ ಹೇಳುತ್ತಾನೆ.

ಪ್ರ: ಬದಲಿ ಆಟಗಾರ ಅಂದರೆ ಕ್ರಿಕೆಟ್ಟಿನ 12ನೇ ಆಟಗಾರನ ಥರ ತಾನೇ? ಅಂಥವರನ್ನು ಇಷ್ಟು ಹೊಗಳುವುದು ಯಾಕೆ? (ನಿವೃತ್ತ ಶಿಕ್ಷಕರು, ದಾವಣಗೆರೆ)

ಉ: ಅಲ್ಲ ಮೇಷ್ಟ್ರೇ. 12ನೇ ಆಟಗಾರ ನೀರು ತರುತ್ತಾನೆ, ಫೀಲ್ಡಿಂಗ್ ಮಾಡುತ್ತಾನೆ, ಬ್ಯಾಟು ಹಿಡಿಯುವಂತಿಲ್ಲ. ಫುಟ್‌ಬಾಲಿನಲ್ಲಿ ಬದಲಿಯಾಗಿ ಇಳಿದವನು ಪೂರಾ ಆಟಗಾರ. ಯಾರ ಜಾಗಕ್ಕೆ ಬಂದನೋ ಅವನು ಮತ್ತೆ ಒಳಗೆ ಬರುವಂತಿಲ್ಲ. ಆಗ ಮೂರು ಬದಲಾವಣೆಗೆ ಅವಕಾಶ ಇತ್ತು, ಈಗ ಐದು.

ಕಷ್ಟ ಎಲ್ಲಿ ಅಂದರೆ, ಮೈದಾನದಲ್ಲಿರುವ ಇಪ್ಪತ್ತೆರಡು ಜನಕ್ಕೂ ಮೈ ಬಿಸಿಯಾಗಿರುತ್ತೆ, ಆಟದ ವೇಗ ಸಿಕ್ಕಿರುತ್ತೆ, ನೀವು ಮಾತ್ರ ಒಂದೂಕಾಲು ಗಂಟೆ ಚಳಿಯಲ್ಲಿ ಕೂತಿದ್ದು ಏಕ್ದಂ ಆ ಓಟದೊಳಗೆ ಸೇರಿಕೊಳ್ಳಬೇಕು. ಗೋಲು ಹೊಡೆಯಬೇಕಾದ ಸುಮಾರು ಫಾರ್ವರ್ಡ್‌ಗಳಿಗೆ ಚೆಂಡು ಒಗ್ಗುವಷ್ಟರಲ್ಲೇ ಪಂದ್ಯ ಮುಗಿದಿರುತ್ತೆ. ಸೋಲ್‌ಶೇರ್ ಬೆಂಚಿನ ಮೇಲೆ ಕೂತು ಎದುರಾಳಿ ಡಿಫೆಂಡರ್‌ಗಳನ್ನೇ ನೋಡುತ್ತಿದ್ದರು. ಯಾರು ನಿಧಾನ, ಯಾರು ಚೆಂಡು ಬಂದಾಗ ಹಿಂದೆ ತಿರುಗಿ ನೋಡುವುದಿಲ್ಲ, ಯಾರ ಬೆನ್ನ ಹಿಂದೆ ಜಾಗ ಬೀಳುತ್ತೆ, ಇದೆಲ್ಲ. ಬರೆದಿಟ್ಟುಕೊಳ್ಳುವ ಅಭ್ಯಾಸವೂ ಇತ್ತು ಅಂತ ಅವರ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಹೇಳಿದ್ದಾರೆ.

1999ರ ಫೆಬ್ರವರಿ 6ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಯುನೈಟೆಡ್ 4-1ರಿಂದ ಮುಂದಿದ್ದಾಗ ಅವರನ್ನು ಇಳಿಸಿದರು. ಗೆದ್ದ ಪಂದ್ಯ, ಇನ್ನು ಸುಮ್ನೆ ಕಾಲ ಕಳೆದರೆ ಸಾಕಿತ್ತು. ಇವರು ಕೊನೆಯ ಹತ್ತು ಹನ್ನೆರಡು ನಿಮಿಷದಲ್ಲಿ ನಾಲ್ಕು ಗೋಲು ಹೊಡೆದರು. ಪಂದ್ಯ 8-1. ಇದನ್ನು ಹೊಗಳದೆ ಇರೋದು ಹೇಗೆ?

ಪ್ರ: 1999ರ ಚಾಂಪಿಯನ್ಸ್ ಲೀಗ್ ಫೈನಲ್ ಬಗ್ಗೆ ಅಣ್ಣ ಈಗಲೂ ಮಾತಾಡುತ್ತಾನೆ. ನಾನು ಆಗ ಹುಟ್ಟಿರಲಿಲ್ಲ. ಅಂಥದ್ದೇನಾಯಿತು? (ವಿದ್ಯಾರ್ಥಿನಿ, ಮಂಗಳೂರು)

ಉ: ಯುರೋಪಿನ ಕ್ಲಬ್ಬುಗಳಿಗೆಲ್ಲ ಇದೇ ದೊಡ್ಡ ಕಪ್ಪು. ಬಾರ್ಸಿಲೋನಾದ ಕ್ಯಾಂಪ್ ನೌ ಮೈದಾನ, ಮೇ 26. ನಮ್ಮಲ್ಲಿ ಆಗಲೇ ತಾರೀಖು ಬದಲಾಗಿತ್ತು, ಪಂದ್ಯ ಶುರುವಾದದ್ದು ಮಧ್ಯರಾತ್ರಿ ಹನ್ನೆರಡೂ ಕಾಲಿಗೆ. ಯುನೈಟೆಡ್ ಎದುರು ಜರ್ಮನಿಯ ಬಯರ್ನ್ ಮ್ಯೂನಿಕ್. ಯುನೈಟೆಡ್‌ನ ನಡುಭಾಗದ ಜೀವವಾಗಿದ್ದ ರಾಯ್ ಕೀನ್ ಮತ್ತು ಪಾಲ್ ಸ್ಕೋಲ್ಸ್ ಇಬ್ಬರೂ ನಿಷೇಧದಿಂದಾಗಿ ಹೊರಗೆ. ಆರನೇ ನಿಮಿಷಕ್ಕೆ ಮಾರಿಯೋ ಬಾಸ್ಲರ್ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದರು. ಅಲ್ಲಿಂದ ಮುಂದೆ ಯುನೈಟೆಡ್ ಓಡಿದ್ದೇ ಓಡಿದ್ದು, ಏನೂ ಗಿಟ್ಟಲಿಲ್ಲ. ಬಯರ್ನ್ ಹೊಡೆದ ಚೆಂಡು ಒಮ್ಮೆ ಕಂಬಕ್ಕೆ, ಒಮ್ಮೆ ಅಡ್ಡಪಟ್ಟಿಗೆ ಬಡಿದು ವಾಪಸ್ ಬಂತು. ಎರಡರಲ್ಲಿ ಒಂದು ಒಳಗೆ ಹೋಗಿದ್ದರೂ ನಿಮ್ಮ ಅಣ್ಣ ಅವತ್ತು ಬೇಗ ಮಲಗುತ್ತಿದ್ದರು.

67ನೇ ನಿಮಿಷಕ್ಕೆ ಟೆಡ್ಡಿ ಶೆರಿಂಗ್‌ಹ್ಯಾಮ್ ಇಳಿದರು. 81ನೇ ನಿಮಿಷಕ್ಕೆ ಆಂಡಿ ಕೋಲ್ ಹೊರಬಂದು ಸೋಲ್‌ಶೇರ್ ಒಳಗೆ. ತೊಂಬತ್ತು ನಿಮಿಷ ಮುಗಿಯಿತು. ರೆಫರಿ ಕೊಲೀನಾ ಮೂರು ನಿಮಿಷ ಹೆಚ್ಚಿಗೆ ಕೊಟ್ಟರು. ಬೆಕ್‌ಹ್ಯಾಮ್ ಕಾರ್ನರ್ ತೆಗೆಯಲು, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯಲು ಹೋದಾಗ ಯುನೈಟೆಡ್‌ನ ಗೋಲ್‌ಕೀಪರ್ ಶ್ಮೈಕೆಲ್ ಕೂಡ ತಮ್ಮ ಗೋಲು ಬಿಟ್ಟು ಮುಂದೆ ಓಡಿ ಬಂದಿದ್ದರು. ಗಲಿಬಿಲಿಯಲ್ಲಿ ಚೆಂಡು ಶೆರಿಂಗ್‌ಹ್ಯಾಮ್ ಕಾಲಿಗೆ ಸಿಕ್ಕಿತು, ಗೋಲು, 1-1. ಯುರೋಪಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಲೆನ್ನಾರ್ಟ್ ಯೋಹಾನ್ಸನ್ ಆ ಹೊತ್ತಿಗೆ ಬಯರ್ನ್‌ಗೆ ಕಪ್ಪು ಕೊಡಲು ಲಿಫ್ಟ್‌ನಲ್ಲಿ ಕೆಳಗಿಳಿಯುತ್ತಿದ್ದರಂತೆ. ಅವರು ಹೊರಗೆ ಬರುವಷ್ಟರಲ್ಲಿ ಇನ್ನೊಂದು ಕಾರ್ನರ್. ಮತ್ತೆ ಬೆಕ್‌ಹ್ಯಾಮ್, ಶೆರಿಂಗ್‌ಹ್ಯಾಮ್ ತಲೆ, ಚೆಂಡು ಗೋಲಿನ ಮುಂದೆ ಹಾದುಹೋಗುತ್ತಿದೆ. ಸೋಲ್‌ಶೇರ್ ಬಲಗಾಲು ಚಾಚಿದರು ಅಷ್ಟೇ. ಬಲೆಯ ಮೇಲ್ಭಾಗಕ್ಕೆ ಹೋಗಿ ಕೂತಿತು. ನೋಡಿದರೆ ಪುಕ್ಕಟೆ ಸಿಕ್ಕಿದ್ದು ಅನ್ನಿಸುತ್ತೆ. ಆದರೆ ರೀಪ್ಲೇ ಹಾಕಿಕೊಂಡು ಅವರೊಬ್ಬರನ್ನೇ ಗಮನಿಸಿ. ಚೆಂಡು ಎಲ್ಲಿ ಬೀಳಬಹುದೋ ಆ ಜಾಗಕ್ಕೆ ಮೊದಲೇ ಹೋಗಿ ನಿಂತಿದ್ದಾರೆ. ಲಿಫ್ಟಿನಿಂದ ಹೊರಬಂದ ಅಧ್ಯಕ್ಷರಿಗೆ ಗೆದ್ದವರು ಅಳುತ್ತಿರುವಂತೆ, ಸೋತವರು ಕುಣಿಯುತ್ತಿರುವಂತೆ ಕಂಡಿತಂತೆ.

ಇಲ್ಲಿ ಆಗ ಬೆಳಗಿನ ಜಾವ ಎರಡು ಗಂಟೆ. ಅಣ್ಣನಿಗೆ ಹೇಳಿ, ಪುಣ್ಯವಂತರು ಅಂತ.

ಪ್ರ: ಇಷ್ಟು ಒಳ್ಳೆ ಆಟಗಾರನನ್ನು ಬೆಂಚಿನ ಮೇಲೆ ಕೂರಿಸಿದ್ದು ಅನ್ಯಾಯ ಅಲ್ವಾ? ಬೇರೆ ಕ್ಲಬ್ಬಿಗೆ ಹೋಗಬಹುದಿತ್ತಲ್ಲ? (ಓದುಗರು, ಹುಬ್ಬಳ್ಳಿ)

ಉ: ಹೋಗಬಹುದಿತ್ತು. 1998ರಲ್ಲಿ ಟಾಟೆನ್‌ಹ್ಯಾಮ್ 55 ಲಕ್ಷ ಪೌಂಡ್ ಕೊಡಲು ಮುಂದೆ ಬಂತು, ಯುನೈಟೆಡ್ ಕೂಡ ಒಪ್ಪಿತ್ತು. ಸೋಲ್‌ಶೇರ್ ಅವರೇ ಒಲ್ಲೆ ಅಂದರು. ಒಪ್ಪಿದ್ದರೆ ಮೇಲೆ ಹೇಳಿದ ಕಥೆ ಯಾವುದೂ ಇಲ್ಲ. ಅನ್ಯಾಯವೋ ಅಲ್ಲವೋ, ಅವರಿಗಂತೂ ಹಾಗೆ ಅನ್ನಿಸಿರಲಿಲ್ಲ.

ಪ್ರ: ಇಷ್ಟೆಲ್ಲ ಸಂಭಾವಿತ ಅಂತೀರಿ, ಬೇಕಂತಲೇ ಕಾಲು ಕೊಟ್ಟು ಕೆಂಪು ಕಾರ್ಡ್ ತಿಂದಿದ್ದು ಯಾಕೆ ಬರೆಯಲ್ಲ? (ಆರ್ಸೆನಲ್ ಅಭಿಮಾನಿ, ಮೈಸೂರು)

ಉ: ಬರೆಯುತ್ತೇನೆ ಮಾರಾಯ್ರೇ. 1998ರ ಏಪ್ರಿಲ್ 18, ನ್ಯೂಕ್ಯಾಸಲ್ ವಿರುದ್ಧ, ಪಂದ್ಯ 1-1. ರಾಬ್ ಲೀ ಒಬ್ಬರೇ ಗೋಲಿನತ್ತ ನುಗ್ಗುತ್ತಿದ್ದರು, ತಡೆಯುವವರು ಯಾರೂ ಇರಲಿಲ್ಲ. ಫಾರ್ವರ್ಡ್ ಆಗಿದ್ದ ಸೋಲ್‌ಶೇರ್ ಮೈದಾನದ ಉದ್ದಕ್ಕೂ ಅಟ್ಟಿಸಿಕೊಂಡು ಬಂದು ಹಿಂದಿನಿಂದ ಬೀಳಿಸಿದರು. ಕೆಂಪು ಕಾರ್ಡ್. ಅಭಿಮಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ವರ್ಷ ಲೀಗ್ ಗೆದ್ದವರು ಹೇಗೂ ನೀವೇ, ಆರ್ಸೆನಲ್. ಇನ್ನೂ ಯಾಕೆ ಸಿಟ್ಟು?

ಪ್ರ: ಆಟ ನಿಲ್ಲಿಸಿದ್ದು ಯಾವಾಗ? ಕೋಚ್ ಕೆಲಸ ಎಲ್ಲಿ ಕಲಿತರು? (ದೈಹಿಕ ಶಿಕ್ಷಕರು, ಶಿರಸಿ)

ಉ: ಮೊಣಕಾಲು ಕೈಕೊಟ್ಟಿತು. 2003ರ ಸೆಪ್ಟೆಂಬರಿನಲ್ಲಿ ಆದ ಗಾಯ. 2004-05ರ ಸೀಸನ್ ಇಡೀ ಆಡಲೇ ಇಲ್ಲ. ವಾಪಸ್ ಬಂದು 2007ರ ಲೀಗ್ ಪ್ರಶಸ್ತಿಗೆ ತಮ್ಮ ಪಾಲಿನ ಗೋಲು ಹೊಡೆದು, ಆ ಆಗಸ್ಟಿನಲ್ಲಿ ನಿವೃತ್ತಿ. ಮರುವರ್ಷ ಯುನೈಟೆಡ್‌ನ ರಿಸರ್ವ್ ತಂಡಕ್ಕೆ ಕೋಚ್ ಆದರು. ಗಾಯವಾಗಿ ಕೂತಿದ್ದ ವರ್ಷಗಳಲ್ಲೂ ಕಲಿಯುತ್ತಲೇ ಇದ್ದರು ಅಂತ ಕಾಣುತ್ತೆ. ಕಂಪ್ಯೂಟರ್‌ನಲ್ಲಿ ತಂಡ ಕಟ್ಟಿ ಆಡಿಸುವ ಫುಟ್‌ಬಾಲ್ ಮ್ಯಾನೇಜರ್ ಆಟದ ಹುಚ್ಚೂ ಇತ್ತು, ಅದರಿಂದ ಎಳೆಯ ಆಟಗಾರರ ಬಗ್ಗೆ ತಿಳಿದುಕೊಂಡೆ ಅಂತ ಅವರೇ ಹೇಳಿದ್ದಾರೆ. (ನಿಮ್ಮ ಶಾಲೆಯ ಮಕ್ಕಳಿಗೆ ಇದನ್ನು ಹೇಳಬೇಡಿ, ಮನೆಯಲ್ಲಿ ನಿಮ್ಮ ಹೆಸರು ಹೇಳಿ ಆಟ ಶುರು ಮಾಡುತ್ತಾರೆ.)

2011ರಲ್ಲಿ ಹಳೆಯ ಮೋಲ್ಡೆಗೇ ಮುಖ್ಯ ಕೋಚ್ ಆಗಿ ಹೋದರು. ಯುನೈಟೆಡ್‌ನಲ್ಲಿ ಜೊತೆಗಿದ್ದ ಮಾರ್ಕ್ ಡೆಂಪ್ಸಿ, ರಿಚರ್ಡ್ ಹಾರ್ಟಿಸ್ ಅವರನ್ನೂ ಕರೆದುಕೊಂಡು ಹೋದರು. ಮೋಲ್ಡೆ ಸಣ್ಣ ಊರು, ಸ್ಟೇಡಿಯಂ ಸಮುದ್ರದ ಅಂಚಿಗೇ ಇದೆ, ಎದುರಿಗೆ ಹಿಮದ ಬೆಟ್ಟದ ಸಾಲು. ಚಳಿಗಾಲದಲ್ಲಿ ಆಡೋಕೆ ಆಗದ ದೇಶ, ಹಾಗಾಗಿ ಅಲ್ಲಿ ಲೀಗ್ ವಸಂತದಲ್ಲಿ ಶುರುವಾಗಿ ಚಳಿ ಬೀಳುವ ಹೊತ್ತಿಗೆ ಮುಗಿಯುತ್ತೆ. ಕ್ಲಬ್ಬು ಹುಟ್ಟಿದ್ದು 1911ರಲ್ಲಿ, ನೂರು ವರ್ಷವಾದರೂ ಒಮ್ಮೆಯೂ ಲೀಗ್ ಗೆದ್ದಿರಲಿಲ್ಲ. ಸೋಲ್‌ಶೇರ್ ಅವರ ಮೊದಲ ಲೀಗ್ ಪಂದ್ಯ, ಆಗಷ್ಟೇ ಮೇಲಿನ ದರ್ಜೆಗೆ ಬಂದಿದ್ದ ಸಾರ್ಪ್ಸ್‌ಬೋರ್ಗ್ ವಿರುದ್ಧ. 0-3 ಸೋಲು! ಊರಿನವರು ಏನಂದುಕೊಂಡಿರಬೇಡ. ಅದೇ ವರ್ಷದ ಕೊನೆಗೆ ಮೋಲ್ಡೆ ಚಾಂಪಿಯನ್, ಶತಮಾನೋತ್ಸವದ ವರ್ಷದಲ್ಲಿ. 2012ರಲ್ಲಿ ಮತ್ತೆ ಲೀಗ್, 2013ರಲ್ಲಿ ನಾರ್ವೆಯ ಕಪ್. ಕೋಚ್ ಆಗಿ ಅವರ ದೊಡ್ಡ ಕೆಲಸ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಮ್ಯಾಂಚೆಸ್ಟರ್ ಅಲ್ಲ.

ಪ್ರ: ಅರ್ಲಿಂಗ್ ಹಾಲಾಂಡ್ ಇವರ ಶಿಷ್ಯ ಅನ್ನೋದು ನಿಜವೇ? (ಓದುಗರು, ಶಿವಮೊಗ್ಗ)

ಉ: ನಿಜ. 2015ರಲ್ಲಿ ಸೋಲ್‌ಶೇರ್ ಮೋಲ್ಡೆಗೆ ಎರಡನೇ ಸಲ ಬಂದರು. 2017ರಲ್ಲಿ ಬ್ರೂನೆ ಕ್ಲಬ್ಬಿನಿಂದ ಇವತ್ತಿನ ಈ ಹೆಸರಾಂತ ನಾರ್ವೆ ಫಾರ್ವರ್ಡ್, ಆಗ ಹದಿನಾರರ ಹುಡುಗ, ಅಲ್ಲಿಗೆ ಸೇರಿದ. ಮರುವರ್ಷ ಜುಲೈ 1ರಂದು ಬ್ರಾನ್ ವಿರುದ್ಧ ಮೊದಲ 21 ನಿಮಿಷದಲ್ಲೇ ನಾಲ್ಕು ಗೋಲು ಹೊಡೆದ. ಹುಡುಗನನ್ನು ಕೊಂಡುಕೊಳ್ಳಿ ಅಂತ ಯುನೈಟೆಡ್‌ಗೆ ಆಗಲೇ ಫೋನ್ ಮಾಡಿದ್ದೆ, 40 ಲಕ್ಷ ಪೌಂಡ್ ಕೇಳಿದ್ದೆ, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಸೋಲ್‌ಶೇರ್ ಆಮೇಲೆ ಹೇಳಿಕೊಂಡರು. ಈಗ ಅವನು ಅದೇ ಊರಿನ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ತಂಡದಲ್ಲಿದ್ದಾನೆ. ಯುನೈಟೆಡ್‌ನವರು ಈ ಉತ್ತರ ಓದದೆ ಮುಂದೆ ಹೋಗಬಹುದು.

ಪ್ರ: ಕಾರ್ಡಿಫ್‌ನಲ್ಲಿ ಆಗಿದ್ದೇನು? ಅದನ್ನು ಯಾರೂ ಹೇಳಲ್ಲ. (ಓದುಗರು, ಬೆಂಗಳೂರು)

ಉ: ಹೇಳುವಂಥದ್ದು ಹೆಚ್ಚಿಲ್ಲ. 2014ರ ಜನವರಿಯಲ್ಲಿ, ಇಂಗ್ಲೆಂಡಿನ ಮೇಲ್ದರ್ಜೆಯ ಲೀಗಿನಲ್ಲಿದ್ದ ಆ ಕ್ಲಬ್ಬಿಗೆ ಕೋಚ್ ಆಗಿ ಹೋದರು, ತಂಡ ಆಗಲೇ ಮುಳುಗುತ್ತಿತ್ತು. ಲೀಗಿನ 18 ಪಂದ್ಯಗಳಲ್ಲಿ ಗೆದ್ದಿದ್ದು ಮೂರು, ಕೊನೆಯ ಸ್ಥಾನ, ಕೆಳದರ್ಜೆಗೆ ಇಳಿತ. ಸೆಪ್ಟೆಂಬರಿನಲ್ಲಿ ಮನೆಗೆ. ಆದರೆ ಕಾರ್ಡಿಫ್ ಅವರನ್ನು ಬಿಡಲಿಲ್ಲ, ಅದೂ ಒಂದು ಥರ ಋಣ. 2018ರ ಡಿಸೆಂಬರಿನಲ್ಲಿ ಯುನೈಟೆಡ್ ಕೋಚ್ ಆಗಿ ಅವರ ಮೊದಲ ಪಂದ್ಯ ಕಾರ್ಡಿಫ್ ಊರಲ್ಲೇ ಬಿತ್ತು, 5-1ರಿಂದ ಗೆದ್ದರು. ಆ ಸೀಸನ್ನಿನ ಕೊನೆಯ ಪಂದ್ಯವೂ ಕಾರ್ಡಿಫ್ ವಿರುದ್ಧವೇ, ತಮ್ಮ ಮೈದಾನದಲ್ಲೇ 0-2ರಿಂದ ಸೋತರು. ಕಾರ್ಡಿಫ್ ಆ ಹೊತ್ತಿಗೆ ಮತ್ತೆ ಕೆಳದರ್ಜೆಗೆ ಇಳಿದಾಗಿತ್ತು!

ಪ್ರ: ಹಂಗಾಮಿ ಕೋಚ್ ಅಂತ ಹೀಯಾಳಿಸಿದ್ದೀರಿ. ಪ್ಯಾರಿಸ್‌ನ ಪಂದ್ಯ ನೋಡಿದ್ದೀರಾ? ಹೊರ ಊರಲ್ಲಿ 29 ಪಂದ್ಯ ಸೋಲದೆ ಇದ್ದದ್ದು ಗೊತ್ತಾ? (ಕಟ್ಟಾ ಅಭಿಮಾನಿ, ಬೆಳಗಾವಿ)

ಉ: ನೋಡಿದ್ದೇನೆ, ಗೊತ್ತು. ಹಂಗಾಮಿ ಅಂದಿದ್ದು ಬೈಗುಳ ಅಲ್ಲ, ಇದ್ದದ್ದು ಹಾಗೇ. 2018ರ ಡಿಸೆಂಬರಿನಲ್ಲಿ ಆಗಿನ ಕೋಚ್ ಮೌರಿನ್ಯೋ ಅವರನ್ನು ತೆಗೆದಾಗ ಯುನೈಟೆಡ್ ಇವರನ್ನು ಸೀಸನ್ ಮುಗಿಯುವ ತನಕ ಮಾತ್ರ ತಂದಿತು. ಮೋಲ್ಡೆ ಜೊತೆಗಿನ ಕರಾರು ಹಾಗೇ ಇತ್ತು, 'ಎರವಲು ಕೊಟ್ಟಿದ್ದೇವೆ' ಅಂದಿತು ಆ ಕ್ಲಬ್ಬು. ಕೋಚನ್ನೇ ಎರವಲು ತಂದ ಕ್ಲಬ್ಬು ಇನ್ನೊಂದಿದ್ದರೆ ಬರೆದು ತಿಳಿಸಿ.

ಬಂದವರೇ ಮೊದಲ ಎಂಟು ಪಂದ್ಯ ಸಾಲಾಗಿ ಗೆದ್ದರು. ಪ್ಯಾರಿಸ್ ಸೇಂಟ್ ಜರ್ಮೈನ್ ವಿರುದ್ಧ ತಮ್ಮ ಊರಲ್ಲಿ 0-2 ಸೋತು, 2019ರ ಮಾರ್ಚ್ 6ರಂದು ಪ್ಯಾರಿಸ್‌ಗೆ ಹೋದಾಗ ತಂಡದ ಹತ್ತು ಜನ ಇರಲಿಲ್ಲ, ಪೋಗ್ಬಾ ಸೇರಿ. ಲುಕಾಕು ಎರಡು ಗೋಲು. 90 ನಿಮಿಷ ದಾಟಿದ ಮೇಲೆ ಸಿಕ್ಕ ಪೆನಾಲ್ಟಿಯನ್ನು ರಾಶ್‌ಫೋರ್ಡ್ ಹೊಡೆದರು, 3-1. ಎರಡೂ ಪಂದ್ಯ ಸೇರಿ 3-3, ಸಮವಾದರೆ ಹೊರ ಊರಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಅನ್ನುವ ಆಗಿನ ನಿಯಮದಿಂದ ಯುನೈಟೆಡ್ ಗೆದ್ದಿತು. ತವರಿನಲ್ಲಿ ಎರಡು ಗೋಲಿನಿಂದ ಸೋತವರು ಎದುರಾಳಿಯ ಊರಿಗೆ ಹೋಗಿ ಅದನ್ನು ತಿರುಗಿಸಿದ್ದು ಚಾಂಪಿಯನ್ಸ್ ಲೀಗಿನಲ್ಲಿ ಅದೇ ಮೊದಲು. ಮೂರು ವಾರದಲ್ಲಿ ಖಾಯಂ ಮಾಡಿದರು. ಆ ಪ್ಯಾರಿಸ್ ಪಂದ್ಯದ ನಂತರದ 12 ಪಂದ್ಯಗಳಲ್ಲಿ ಗೆದ್ದಿದ್ದು ಎರಡು ಅನ್ನುವುದೂ ನಿಮಗೆ ಗೊತ್ತಿರಬೇಕು.

ಆದರೂ ನಿಮ್ಮ ಪರವಾಗಿ ಹೇಳಲು ಬೇಕಾದಷ್ಟಿದೆ. 2020ರಲ್ಲಿ ಮೂರನೇ ಸ್ಥಾನ, 2021ರಲ್ಲಿ ಎರಡನೇ ಸ್ಥಾನ. ಗ್ವಾರ್ಡಿಯೋಲಾ ಕೋಚ್ ಆಗಿದ್ದ ಮ್ಯಾಂಚೆಸ್ಟರ್ ಸಿಟಿಯನ್ನು ಅವರ ಮೈದಾನದಲ್ಲೇ ಸಾಲಾಗಿ ಮೂರು ಸಲ ಸೋಲಿಸಿದವರು ಇವರು. ಮೂರನೆಯದು, 2021ರ ಮಾರ್ಚಿನದು, ಸತತ 21 ಪಂದ್ಯ ಗೆದ್ದಿದ್ದ ಸಿಟಿಯನ್ನು ನಿಲ್ಲಿಸಿತು. ಹೊರ ಊರಿನ 29 ಲೀಗ್ ಪಂದ್ಯ ಸೋಲದೆ ಆಡಿದ್ದು ಇಂಗ್ಲೆಂಡಿನ ಮೇಲ್ದರ್ಜೆಯಲ್ಲಿ ದಾಖಲೆ, ಆರ್ಸೆನಲ್‌ನ 27 ಮುರಿದಿದ್ದು. ಮೈಸೂರಿನವರಿಗೆ ಇದನ್ನು ತೋರಿಸಿ.

ಪ್ರ: ಹಾಗಾದರೆ ಒಂದೂ ಕಪ್ಪು ಗೆಲ್ಲಲಿಲ್ಲ ಯಾಕೆ? ಅದೃಷ್ಟ ಕೆಟ್ಟಿತ್ತಾ? (ಓದುಗರು, ಉಡುಪಿ)

ಉ: ಅದೃಷ್ಟ ಅಂತ ನಾನು ಒಪ್ಪಲ್ಲ. ನಾಲ್ಕು ಸೆಮಿಫೈನಲ್ ಸೋತರು, ಒಂದು ಫೈನಲ್ ಸೋತರು. ಐದು ಸಲವೂ ಅದೃಷ್ಟವನ್ನೇ ಬೈಯೋಕಾಗುತ್ತಾ?

ಅವರ ತಂಡ ಚೆನ್ನಾಗಿ ಆಡಿದ್ದು ಎದುರಾಳಿ ಮುಂದೆ ನುಗ್ಗಿ ಬಂದಾಗ. ಚೆಂಡು ಕಸಿದುಕೊಂಡು, ಹಿಂದೆ ಬಿದ್ದ ಖಾಲಿ ಜಾಗಕ್ಕೆ ರಾಶ್‌ಫೋರ್ಡ್, ಮಾರ್ಷಲ್, ಡೇನಿಯಲ್ ಜೇಮ್ಸ್ ಓಡುವುದು. ಸಿಟಿ ವಿರುದ್ಧ, ಪ್ಯಾರಿಸ್ ವಿರುದ್ಧ ಇದು ಸೊಗಸಾಗಿ ನಡೆಯಿತು. ಹೊರ ಊರಿನ ದಾಖಲೆಗೂ ಇದೇ ಕಾರಣ ಅಂತ ನನ್ನ ಲೆಕ್ಕ, ತವರಿನ ತಂಡ ತನ್ನ ಜನರ ಮುಂದೆ ಸುಮ್ಮನೆ ಕೂರಲ್ಲ ನೋಡಿ. ಆದರೆ ಎದುರಾಳಿ ಹತ್ತು ಜನರನ್ನು ಗೋಲಿನ ಮುಂದೆ ನಿಲ್ಲಿಸಿ, ಬನ್ನಿ ನೋಡೋಣ ಅಂದರೆ ಯುನೈಟೆಡ್ ತಡಕಾಡುತ್ತಿತ್ತು. 2020ರ ಜನವರಿಯಲ್ಲಿ ಬ್ರೂನೋ ಫರ್ನಾಂಡಿಸ್ ಬಂದ ಮೇಲೆ ಸ್ವಲ್ಪ ಸುಧಾರಿಸಿತು. ಅದು ಅವರೊಬ್ಬರ ಕಾಲಿನ ಗುಣ, ತಂಡ ಕಲಿತ ಪಾಠ ಅಲ್ಲ.

ಈಗ ಆ ಫೈನಲ್. 2021ರ ಮೇ 26, ಪೋಲೆಂಡಿನ ಗ್ದಾನ್ಸ್ಕ್, ಚಾಂಪಿಯನ್ಸ್ ಲೀಗಿನ ನಂತರದ ಕಪ್ಪಾದ ಯುರೋಪಾ ಲೀಗ್, ಸ್ಪೇನ್‌ನ ವಿಯ್ಯಾರಿಯಾಲ್ ಎದುರು. ತಾರೀಖು ನೋಡಿದಿರಾ? ಬಾರ್ಸಿಲೋನಾದ ಆ ರಾತ್ರಿಗೆ ಸರಿಯಾಗಿ 22 ವರ್ಷ. 29ನೇ ನಿಮಿಷಕ್ಕೆ ಜೆರಾರ್ಡ್ ಮೊರೇನೋ ಗೋಲು, 55ಕ್ಕೆ ಕವಾನಿ ಸಮ ಮಾಡಿದರು. ಆಮೇಲೆ ಎರಡೂ ಕಡೆ ಕಾಲು ಸೋತವು. ವಿಯ್ಯಾರಿಯಾಲ್ ಕೋಚ್ ಉನೈ ಎಮೆರಿ ತೊಂಬತ್ತು ನಿಮಿಷದೊಳಗೇ ಐದು ಬದಲಾವಣೆ ಮಾಡಿ ಮುಗಿಸಿದ್ದರು. ಸೋಲ್‌ಶೇರ್ ಮೊದಲ ಬದಲಿಯನ್ನು ಇಳಿಸಿದ್ದು, ಪಂದ್ಯ ಸಮವಾಗಿ ಹೆಚ್ಚುವರಿ ಅರ್ಧ ಗಂಟೆಗೆ ಹೋದ ಮೇಲೆ, 100ನೇ ನಿಮಿಷದಲ್ಲಿ. ಯುನೈಟೆಡ್ ಕಂಡ ಅತ್ಯುತ್ತಮ ಬದಲಿ ಆಟಗಾರ, ಹೊಸ ಕಾಲು ಒಂದು ಪಂದ್ಯವನ್ನು ಹೇಗೆ ತಿರುಗಿಸುತ್ತೆ ಅಂತ ಜಗತ್ತಿಗೇ ತೋರಿಸಿದವರು, ತಾವೇ ಆಡಿಸುವಾಗ ಬೆಂಚಿನ ಕಡೆ ನೂರು ನಿಮಿಷ ತಿರುಗಲಿಲ್ಲ! ಇದು ನನಗೆ ಇವತ್ತಿಗೂ ಅರ್ಥವಾಗದ ವಿಷಯ. ನನ್ನ ಊಹೆ ಇಷ್ಟು. ಕೂತು ನೋಡುವುದು ಅವರ ಶಕ್ತಿಯಾಗಿತ್ತು, ಆದರೆ ಆಗ ಎಬ್ಬಿಸಿ ಕಳಿಸುವುದಕ್ಕೆ ಪಕ್ಕದಲ್ಲಿ ಫರ್ಗುಸನ್ ಇದ್ದರು. ತಾವೇ ಎಬ್ಬಿಸಬೇಕಾದ ಜಾಗದಲ್ಲಿ ಕೂತಾಗಲೂ ಅವರು ನೋಡುತ್ತಲೇ ಇದ್ದರು.

ಪೆನಾಲ್ಟಿಗೆ ಹೋಯಿತು. 21 ಒದೆತ ಸಾಲಾಗಿ ಗೋಲು, 22ನೆಯದು ಯುನೈಟೆಡ್ ಗೋಲ್‌ಕೀಪರ್ ಡಿ ಹೆಯಾ ಅವರದು, ಅದನ್ನು ವಿಯ್ಯಾರಿಯಾಲ್ ಗೋಲ್‌ಕೀಪರ್ ರೂಲಿ ತಡೆದರು. 11-10. ಡಿ ಹೆಯಾ ಪೆನಾಲ್ಟಿ ತಡೆದು ವರ್ಷಗಳೇ ಆಗಿದ್ದವು, ಇನ್ನೊಬ್ಬ ಗೋಲ್‌ಕೀಪರ್ ಡೀನ್ ಹೆಂಡರ್ಸನ್ ಬೆಂಚಿನಲ್ಲಿ ಕೂತಿದ್ದರು.

ಪ್ರ: ರೊನಾಲ್ಡೊ ಬಂದದ್ದೇ ಇವರಿಗೆ ಮುಳುವಾಯಿತು ಅಂತಾರೆ. ನಿಮ್ಮ ಅಭಿಪ್ರಾಯ? (ಓದುಗರು, ತುಮಕೂರು)

ಉ: ಪೂರ್ತಿ ಅಲ್ಲ. 2021ರ ಜುಲೈಯಲ್ಲಿ ಸೋಲ್‌ಶೇರ್ ಅವರ ಕರಾರನ್ನು 2024ರ ತನಕ ವಿಸ್ತರಿಸಿದರು. ಸಾಂಚೋ, ವರಾನ್ ಬಂದರು, ಆಗಸ್ಟ್ ಕೊನೆಗೆ ರೊನಾಲ್ಡೊ. ಅವರು ಗೋಲು ಹೊಡೆದರು, ಅದರಲ್ಲಿ ತಕರಾರಿಲ್ಲ. ಆದರೆ ಓಡಿ ಆಡುತ್ತಿದ್ದ ತಂಡದ ಆಟ ಬದಲಾಯಿತು, ಹಿಂದೆ ಗೋಡೆ ಕುಸಿಯಿತು. ಅಕ್ಟೋಬರ್ 24ರಂದು ತವರಿನಲ್ಲೇ ಲಿವರ್‌ಪೂಲ್ ಎದುರು 0-5. ಅವತ್ತೇ ಮುಗಿದಿತ್ತು, ಕ್ಲಬ್ಬು ಇನ್ನೊಂದು ತಿಂಗಳು ಎಳೆಯಿತು. ನವೆಂಬರ್ 20ರಂದು ವಾಟ್‌ಫರ್ಡ್ ವಿರುದ್ಧ 1-4, ಮರುದಿನ ವಜಾ. ವಜಾ ಆದ ಮೇಲೂ ಕ್ಲಬ್ಬಿನ ಟಿವಿಯ ಮುಂದೆ ಕೂತು, ಕಣ್ಣು ತುಂಬಿಕೊಂಡು ವಿದಾಯದ ಸಂದರ್ಶನ ಕೊಟ್ಟು ಹೋದರು. ಬೇರೆ ಯಾವ ಕೋಚ್ ಹಾಗೆ ಮಾಡುತ್ತಾರೆ? ಅವರ ಸಹಾಯಕರಾಗಿದ್ದ ಕೀರನ್ ಮೆಕೆನಾ ಆಮೇಲೆ ಇಪ್ಸ್‌ವಿಚ್ ಕ್ಲಬ್ಬನ್ನು ಮೂರನೇ ದರ್ಜೆಯಿಂದ ಸಾಲಾಗಿ ಎರಡು ಬಡ್ತಿ ಕೊಡಿಸಿ ಪ್ರೀಮಿಯರ್ ಲೀಗ್‌ಗೆ ತಂದರು. ಸೋಲ್‌ಶೇರ್‌ಗೆ ಜೊತೆಗಾರರನ್ನು ಆರಿಸುವ ಕಣ್ಣಿತ್ತು ಅನ್ನಬೇಕು.

ಪ್ರ: ಬೆಶಿಕ್ತಾಶ್ ಕಥೆ? (ಅದೇ ಓದುಗರು)

ಉ: 2025ರ ಜನವರಿಯಲ್ಲಿ ಸೇರಿದರು. ಶುರು ಜೋರು, ಅಥ್ಲೆಟಿಕ್ ಬಿಲ್ಬಾವೋ ವಿರುದ್ಧ 4-1. ಲೀಗಿನಲ್ಲಿ ನಾಲ್ಕನೇ ಸ್ಥಾನ. ಬೇಸಿಗೆಯಲ್ಲಿ ಶಾಕ್ತಾರ್ ಎದುರು ಸೋತು ಯುರೋಪಾ ಲೀಗ್ ದಾರಿ ಮುಚ್ಚಿತು, ಆಗಸ್ಟ್ 28ರಂದು ಸ್ವಿಟ್ಜರ್ಲೆಂಡಿನ ಲೌಸಾನ್ ಎದುರು ಸೋತು ಅದರ ಕೆಳಗಿನ ಕಾನ್ಫರೆನ್ಸ್ ಲೀಗ್ ದಾರಿಯೂ ಮುಚ್ಚಿತು. ಅದೇ ರಾತ್ರಿ ಕೆಲಸ ಹೋಯಿತು. ಮಾರನೇ ದಿನ ಅದೇ ಇಸ್ತಾಂಬುಲ್‌ನ ಫೆನರ್‌ಬಾಚೆ ಕ್ಲಬ್ಬು ಮೌರಿನ್ಯೋ ಅವರನ್ನೂ ಕಳಿಸಿತು. 2018ರಲ್ಲಿ ಒಬ್ಬರ ಕುರ್ಚಿಗೆ ಇನ್ನೊಬ್ಬರು ಬಂದಿದ್ದರು, ಈ ಸಲ ಇಬ್ಬರೂ ಒಂದೇ ಊರಿಂದ ಗಂಟುಮೂಟೆ ಕಟ್ಟಿದರು.

ಪ್ರ: ನಾರ್ವೆಯ ಬೇರೆ ಆಟಗಾರರು ಯಾರೂ ಕೋಚ್ ಆಗಿ ಮಿಂಚಿಲ್ಲವೇ? (ಓದುಗರು, ಕಲಬುರಗಿ)

ಉ: ಸ್ಟೋಲೆ ಸೋಲ್‌ಬಾಕೆನ್ ಇದ್ದಾರೆ, 1998ರ ವಿಶ್ವಕಪ್ ತಂಡದಲ್ಲಿ ಸೋಲ್‌ಶೇರ್ ಜೊತೆಗಾರ. 2001ರಲ್ಲಿ ಕೋಪನ್‌ಹೇಗನ್ ಕ್ಲಬ್ಬಿನ ಅಭ್ಯಾಸದ ವೇಳೆ ಅವರ ಹೃದಯವೇ ನಿಂತಿತ್ತು. ಹಲವು ನಿಮಿಷಗಳ ಮೇಲೆ ಬದುಕಿಸಿದರು. ಪೇಸ್‌ಮೇಕರ್ ಹಾಕಿಸಿಕೊಂಡು ಆಟ ಬಿಟ್ಟು, ಕೋಚ್ ಆದರು. ಅದೇ ಕೋಪನ್‌ಹೇಗನ್‌ಗೆ ಎರಡು ಅವಧಿಯಲ್ಲಿ 8 ಲೀಗ್ ಗೆಲ್ಲಿಸಿಕೊಟ್ಟರು. ಜರ್ಮನಿಯ ಕಲೋನ್‌ನಲ್ಲಿ, ಇಂಗ್ಲೆಂಡಿನ ವುಲ್ವ್ಸ್‌ನಲ್ಲಿ ಮಾತ್ರ ನಡೆಯಲಿಲ್ಲ. 2020ರ ಕೊನೆಗೆ ನಾರ್ವೆ ರಾಷ್ಟ್ರೀಯ ತಂಡಕ್ಕೆ ಬಂದರು, 2025ರ ನವೆಂಬರಿನಲ್ಲಿ ಇಟಲಿಯನ್ನು ಮಿಲಾನ್‌ನಲ್ಲಿ 4-1ರಿಂದ ಸೋಲಿಸಿ, 1998ರ ಬಳಿಕ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಗಳಿಸಿಕೊಟ್ಟರು. ಇವರ ಬಗ್ಗೆ ಯಾಕೆ ಯಾರೂ ಪತ್ರ ಬರೆಯಲ್ಲ ಅಂತ ನನಗೆ ಬೇಜಾರು.

ಪ್ರ: ಅಷ್ಟು ಸಣ್ಣ ದೇಶದವರಿಗೆ ಇಂಗ್ಲೆಂಡಿನ ಫುಟ್‌ಬಾಲ್ ಮೇಲೆ ಇಷ್ಟು ಮೋಹ ಯಾಕೆ? (ಓದುಗರು, ಮಡಿಕೇರಿ)

ಉ: ಟಿವಿ. 1969ರ ನವೆಂಬರಿನಿಂದ ನಾರ್ವೆಯ ಸರ್ಕಾರಿ ವಾಹಿನಿ ಪ್ರತಿ ಶನಿವಾರ ಇಂಗ್ಲೆಂಡಿನ ಒಂದು ಪಂದ್ಯ ನೇರಪ್ರಸಾರ ಮಾಡತೊಡಗಿತು, ಮೊದಲನೆಯದು ವುಲ್ವ್ಸ್ ಮತ್ತು ಸಂಡರ್‌ಲೆಂಡ್ ನಡುವಿನದ್ದು. ಹೊರಗೆ ಹಿಮ, ಬೇಗ ಕತ್ತಲು, ತಮ್ಮ ಲೀಗಿಗೆ ರಜೆ. ಮನೆಮಂದಿಯೆಲ್ಲ ಕೂತು ಇದನ್ನೇ ನೋಡುತ್ತಿದ್ದರು. ಸೋಲ್‌ಶೇರ್ ತಲೆಮಾರು ಬೆಳೆದದ್ದೇ ಇದನ್ನು ನೋಡಿಕೊಂಡು.

ಪ್ರ: ಯುನೈಟೆಡ್‌ಗೂ ನಮ್ಮ ಕನ್ನಡನಾಡಿಗೂ ಏನಾದರೂ ನಂಟಿದೆಯಾ? ಸುಮ್ನೆ ಕೇಳಿದೆ. (ಓದುಗರು, ಹಾಸನ)

ಉ: ಇದೆ. ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದವರು. ಸೋಲ್‌ಶೇರ್ ಬರುವ ಮುಂಚೆಯೇ ಅಲ್ಲಿಂದ ಹೊರಟಿದ್ದರು. ಹಿರಿಯರ ತಂಡದಲ್ಲಿ ಅವಕಾಶ ಸಿಗಲಿಲ್ಲ. ಇಲ್ಲಿ ಬಂದ ಮೊದಲ ಸೀಸನ್ನಿನಲ್ಲೇ, 2014ರಲ್ಲಿ, ಹೊಚ್ಚಹೊಸ ಕ್ಲಬ್ಬಿಗೆ ಆಗ ದೇಶದ ಮೇಲ್ದರ್ಜೆಯ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿಕೊಟ್ಟರು, 2016ರಲ್ಲಿ ಮತ್ತೊಮ್ಮೆ.

ಪ್ರ: ಇದೆಲ್ಲ ಓದಿ ನೋಡಬೇಕು ಅನ್ನಿಸಿದೆ. ಯಾವ ಪಂದ್ಯದಿಂದ ಶುರು ಮಾಡಲಿ? (ಗೃಹಿಣಿ, ಧಾರವಾಡ)

ಉ: ನಾಟಿಂಗ್‌ಹ್ಯಾಮ್ ಪಂದ್ಯದ ಕೊನೆಯ ಕಾಲು ಗಂಟೆ ಮೊದಲು ನೋಡಿ, ಬೇಗ ಮುಗಿಯುತ್ತೆ. ಆಮೇಲೆ ಬಾರ್ಸಿಲೋನಾ ಫೈನಲ್, 80ನೇ ನಿಮಿಷದಿಂದ ಸಾಕು. ಸಮಯ ಇದ್ದರೆ ಗ್ದಾನ್ಸ್ಕ್ ಪಂದ್ಯದ ಎರಡನೇ ಭಾಗ ಹಾಕಿಕೊಳ್ಳಿ, ಚೆಂಡು ಎಲ್ಲಿದೆ ಅಂತ ನೋಡಬೇಡಿ, ಗೆರೆಯ ಪಕ್ಕ ನಿಂತ ಇಬ್ಬರು ಕೋಚ್‌ಗಳನ್ನು ನೋಡಿ. ಪೆನಾಲ್ಟಿಗೆ ಹೋಗುವ ಮುಂಚೆ ಒಲೆ ಆರಿಸಿಕೊಂಡು ಬನ್ನಿ, 22 ಒದೆತ ಮುಗಿಯೋಕೆ ತುಂಬಾ ಹೊತ್ತು ಹಿಡಿಯುತ್ತೆ.